ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ಹೊಸ ಊರಿನ ಧರ್ಮಕೇಂದ್ರದಲ್ಲಿ ನಮ್ಮ ಪಾಲು

ಕರಾವಳಿಯ ನಮ್ಮ ಅನೇಕ ಕುಟುಂಬಗಳು ಉದ್ಯೋಗದ ನಿಮಿತ್ತ ಶಿರಾಡಿ ಘಾಟಿ ಹತ್ತಿ ಹಾಸನ ಜಿಲ್ಲೆಯಲ್ಲಿ ನೆಲೆಸಿವೆ. ಬ್ಯಾಂಕ್ ನೌಕರರು, ಶಿಕ್ಷಕರು, ದಾದಿಯರು, ಕಾಫಿ ತೋಟದ ವ್ಯವಹಾರದವರು ಇವರಲ್ಲಿದ್ದಾರೆ. ಹಾಸನದ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಿಗೆ ಬಂದ ಮಕ್ಕಳೂ ಇದ್ದಾರೆ. ನಮ್ಮ ಜಿಲ್ಲೆಗಳಲ್ಲಿ ಹುಟ್ಟಿದ ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ವರ್ಗಾವಣೆ ಮಾತ್ರ ನಿಂತಿಲ್ಲ.

ಹೀಗೆ ಹೋದವರಲ್ಲಿ ಹಲವರು ವರ್ಷಗಳು ಕಳೆದರೂ "ನಮ್ಮ ಇಗರ್ಜಿ ಊರಲ್ಲಿದೆ" ಎಂದೇ ಹೇಳುತ್ತಾರೆ. ಭಾನುವಾರ ಬಲಿಪೂಜೆಗೆ ಬಂದು, ಕೊನೆಯ ಆಶೀರ್ವಾದ ಮುಗಿಯುತ್ತಲೇ ಸ್ಕೂಟರ್ ಹತ್ತಿ ಹೊರಡುತ್ತಾರೆ. ಇದರಲ್ಲಿ ದುರುದ್ದೇಶವೇನಿಲ್ಲ. ಆದರೆ ಧರ್ಮಸಭೆಯ ಕಾನೂನಿನ ಪ್ರಕಾರ ಅವರ ಧರ್ಮಕೇಂದ್ರ ಬಹುಮಟ್ಟಿಗೆ ಆಗಲೇ ಬದಲಾಗಿರುತ್ತದೆ. ಅದು ಎಷ್ಟೋ ಮಂದಿಗೆ ತಿಳಿದಿಲ್ಲ.

ಹಾಸನ ಸೀಮೆಯ ಧರ್ಮಸಭೆ

ಹಾಸನ ಜಿಲ್ಲೆಯ ಎಂಟೂ ತಾಲ್ಲೂಕುಗಳು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿವೆ. (ನಾವು 'ಧರ್ಮಪ್ರಾಂತ್ಯ' ಎನ್ನುವುದನ್ನು ಆ ಕಡೆ 'ಧರ್ಮಕ್ಷೇತ್ರ' ಎನ್ನುವುದು ಹೆಚ್ಚು, ಇಗರ್ಜಿ ಎಂಬ ಮಾತೂ ಅಲ್ಲಿಲ್ಲ, ಚರ್ಚ್ ಅಥವಾ ದೇವಾಲಯ ಎನ್ನುತ್ತಾರೆ.) ಮೈಸೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟು ಚಿಕ್ಕಮಗಳೂರು ಸ್ವತಂತ್ರವಾದದ್ದು 16 ನವೆಂಬರ್ 1963ರಂದು. ಇದಾಗಿ 18 ದಿನಗಳಿಗೆ, ಅಂದರೆ ಅದೇ ವರ್ಷ ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಕುರಿತ ತನ್ನ ಸಂವಿಧಾನವನ್ನು ಹೊರಡಿಸಿತು. ವಿಶ್ವಾಸಿಗಳು ಪೂರ್ಣವಾಗಿ, ಅರಿವಿನಿಂದ, ಸಕ್ರಿಯವಾಗಿ ಆರಾಧನೆಯಲ್ಲಿ ಭಾಗವಹಿಸಬೇಕು, ಜ್ಞಾನಸ್ನಾನ ಪಡೆದವರಿಗೆ ಅದು ಹಕ್ಕೂ ಹೌದು ಕರ್ತವ್ಯವೂ ಹೌದು ಎಂದು ಅದರ 14ನೇ ಪರಿಚ್ಛೇದ ಹೇಳುತ್ತದೆ. ಮುಂದೆ 1988ರಲ್ಲಿ ಶಿವಮೊಗ್ಗ ಪ್ರತ್ಯೇಕ ಧರ್ಮಕ್ಷೇತ್ರವಾಯಿತು.

ಕರಾವಳಿಯ ಮತ್ತು ಹಾಸನದ ಕ್ರೈಸ್ತರ ಚರಿತ್ರೆ ಬೇರೆಬೇರೆ ದಾರಿಯಲ್ಲಿ ಬಂದದ್ದು. ಮಂಗಳೂರಿಗೆ 1878ರ ಕೊನೆಯ ದಿನ ಯೇಸುಸಭೆಯ ಗುರುಗಳು ಬಂದರು. ಹಾಸನ ಸೀಮೆಯಲ್ಲಿ ದುಡಿದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದ ಅಬ್ಬೆ ದುಬ್ವಾ ಅವರು ಆ ಸಂಸ್ಥೆಯವರೇ. ಕೃಷಿಕ ಕ್ರೈಸ್ತರ ನೆಲೆಗಳನ್ನು ಕಟ್ಟಿದವರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದವರು ಎಂದು ಅವರು ಹೆಸರಾಗಿದ್ದಾರೆ. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು.

ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯದ ಚಿತ್ರವನ್ನು ನೋಡದವರು ಕಡಿಮೆ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಅದು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಛಾವಣಿಯಿಲ್ಲದ ಗೋಡೆಗಳೊಂದಿಗೆ ನಿಲ್ಲುವ ಅದನ್ನು ಕಾಣಲು ಪ್ರವಾಸಿಗರು ದಂಡುಗಟ್ಟಿ ಬರುತ್ತಾರೆ. ಫೋಟೊ ತೆಗೆಯುವವರು ಕೇಳದ ಸಂಗತಿಯೊಂದಿದೆ: ಅಲ್ಲಿ ಪೂಜೆಗೆ ಕೂಡುತ್ತಿದ್ದ ಜನ ಏನಾದರು? ಹೊಲ ಮನೆ ಬಿಟ್ಟು ಎತ್ತರದ ಜಾಗಗಳಲ್ಲಿ ಹೊಸ ಊರು ಕಟ್ಟಿಕೊಂಡರು, ಪೂಜೆ ಪ್ರಾರ್ಥನೆ ಮುಂದುವರಿಸಿದರು. ಕಟ್ಟಡ ಕಳೆದುಕೊಂಡೂ ಧರ್ಮಕೇಂದ್ರವಾಗಿ ಉಳಿದ ಜನರ ನಡುವೆ ನಾವು ಹೋಗಿ ನೆಲೆಸುತ್ತಿದ್ದೇವೆ ಎಂಬುದನ್ನು ಹೊಸಬರು ತಿಳಿದಿರಬೇಕು.

ದಕ್ಷಿಣ ಕನ್ನಡದಲ್ಲಿ 2011ರ ಜನಗಣತಿಯಂತೆ ನೂರಕ್ಕೆ ಎಂಟು ಮಂದಿ ಕ್ರೈಸ್ತರು. ಹಾಸನ ಜಿಲ್ಲೆಯಲ್ಲಿ ಎಲ್ಲ ಸಭೆಗಳವರನ್ನು ಸೇರಿಸಿದರೂ ನೂರಕ್ಕೆ ಒಬ್ಬರಿಲ್ಲ. ಊರಲ್ಲಿ ಗಾಯನವೃಂದಕ್ಕೆ ನಲವತ್ತು ಮಂದಿ ಇರುವಾಗ ನಾವು ಹಿಂದಿನ ಬೆಂಚಿನಲ್ಲಿ ಕುಳಿತರೂ ನಡೆಯುತ್ತದೆ. ಅರಕಲಗೂಡಿನಂಥ ಊರಿನಲ್ಲಿ ಒಂದು ಕುಟುಂಬ ಹಿಂದೆ ಕುಳಿತರೆ ಅದು ಎದ್ದು ಕಾಣುತ್ತದೆ.

ನಮ್ಮ ಧರ್ಮಕೇಂದ್ರ ಯಾವುದು?

1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಧರ್ಮಕೇಂದ್ರಕ್ಕೆ ಗಡಿ ಇದೆ. ಆ ಗಡಿಯೊಳಗೆ ವಾಸಿಸುವವರು ಅದರ ಸದಸ್ಯರು (518ನೇ ವಿಧಿ). ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ಬಂದವರಿಗೆ, ಇಲ್ಲವೇ ವಾಸ್ತವವಾಗಿ ಮೂರು ತಿಂಗಳು ವಾಸಿಸಿದವರಿಗೆ ಅದು ಅರೆ-ನಿವಾಸ. ಶಾಶ್ವತವಾಗಿ ನೆಲೆಸುವ ಉದ್ದೇಶವಿದ್ದರೆ, ಅಥವಾ ಐದು ವರ್ಷ ತುಂಬಿದರೆ, ಅದೇ ನಿವಾಸ (102ನೇ ವಿಧಿ). ಎರಡರಲ್ಲಿ ಯಾವುದಿದ್ದರೂ ಅಲ್ಲಿನ ವಿಚಾರಣಾ ಗುರುಗಳೇ ನಿಮ್ಮ ಗುರುಗಳು (107ನೇ ವಿಧಿ). ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೂ ಇದು ಅನ್ವಯಿಸುತ್ತದೆ. ಊರಿನ ಧರ್ಮಕೇಂದ್ರ ಬಿಡಬೇಕೆಂದು ಇದರ ಅರ್ಥವಲ್ಲ. ಅಲ್ಲಿ ಮನೆ, ನಿವಾಸ ಇನ್ನೂ ಇದ್ದರೆ ಎರಡೂ ಕಡೆ ಸದಸ್ಯತ್ವ ಇರಬಹುದು.

ಈ ನಾಲ್ಕು ಊರುಗಳ ನಡುವಿನ ದೂರ ಗಮನಿಸಬೇಕಾದದ್ದು. ಹಾಸನದಿಂದ ಉಳಿದ ಮೂರೂ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರ್, ಒಂದೊಂದು ಒಂದೊಂದು ದಿಕ್ಕಿಗೆ. ಹೊಳೆನರಸೀಪುರ ಮೈಸೂರು ರೈಲು ಮಾರ್ಗದಲ್ಲಿದೆ, ಚನ್ನರಾಯಪಟ್ಟಣ ಶ್ರವಣಬೆಳಗೊಳದ ಮೂಲಕ ಬೆಂಗಳೂರಿಗೆ ಹೋಗುವ ಮಾರ್ಗದಲ್ಲಿದೆ. ಅರಕಲಗೂಡಿಗೆ ಬಸ್ಸೇ ಗತಿ. ಬಾಡಿಗೆ ಮನೆ ಗೊತ್ತಾದ ಕೂಡಲೇ ಆ ಬಡಾವಣೆ ಯಾವ ಧರ್ಮಕೇಂದ್ರದ ವ್ಯಾಪ್ತಿಗೆ ಬರುತ್ತದೆ, ಭಾನುವಾರದ ಪೂಜೆ ಎಷ್ಟು ಗಂಟೆಗೆ, ಶನಿವಾರ ಸಂಜೆ ಪೂಜೆ ಇದೆಯೇ ಎಂದು ಸಮೀಪದ ದೇವಾಲಯದಲ್ಲಿ ಕೇಳಿಕೊಳ್ಳಿ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಕರ್ತವ್ಯವನ್ನು ಪೂರೈಸುತ್ತದೆ (1248ನೇ ವಿಧಿ).

ಕೇರಳ ಮೂಲದ ಸಿರೋ ಮಲಬಾರ್ ವಿಧಿಯವರಿಗೆ ಪ್ರತ್ಯೇಕ ವ್ಯವಸ್ಥೆ ಇದೆ. 2010ರಲ್ಲಿ ಸ್ಥಾಪನೆಯಾದ ಮಂಡ್ಯ ಧರ್ಮಪ್ರಾಂತ್ಯ ಹಾಸನವನ್ನೂ ಒಳಗೊಂಡಿದೆ. ದಕ್ಷಿಣ ಭಾರತ ಸಭೆಯವರ ದೇವಾಲಯಗಳೂ ಜಿಲ್ಲೆಯಲ್ಲಿವೆ. ಅವರೊಂದಿಗೆ ಕ್ರಿಸ್ಮಸ್ ಕೂಟ, ಐಕ್ಯತೆಯ ಪ್ರಾರ್ಥನೆ ಧಾರಾಳವಾಗಿ ನಡೆಯಲಿ. ಆದರೆ ಹತ್ತಿರವೆಂಬ ಕಾರಣಕ್ಕೆ ಅಲ್ಲಿನ ಆರಾಧನೆ ನಮ್ಮ ಭಾನುವಾರದ ಬಲಿಪೂಜೆಗೆ ಬದಲಾಗುವುದಿಲ್ಲ.

ಸೇರುವ ಬಗೆ

ಹೊರಡುವ ಮುನ್ನ ಊರಿನ ಧರ್ಮಕೇಂದ್ರದಿಂದ ಒಂದು ಪರಿಚಯ ಪತ್ರ, ಎಲ್ಲರ ಜ್ಞಾನಸ್ನಾನ ಮತ್ತು ದೃಢೀಕರಣದ ಪತ್ರಗಳು, ವಿವಾಹ ಪ್ರಮಾಣಪತ್ರ ಇವುಗಳನ್ನು ಕೈಯಲ್ಲಿ ಹಿಡಿದೇ ಹೋಗಿ. ಮೊದಲ ತಿಂಗಳಲ್ಲೇ ವಿಚಾರಣಾ ಗುರುಗಳನ್ನು ಕಂಡು ಕುಟುಂಬದ ಹೆಸರು ಬರೆಸಿ. ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಇನ್ನು ಎರಡೇ ತಿಂಗಳಿರುವಾಗ ಕಚೇರಿಯ ಬಾಗಿಲು ತಟ್ಟುವುದು ನಮ್ಮವರಲ್ಲಿ ತೀರಾ ಸಾಮಾನ್ಯ. ಹಾಗೆ ಬಂದಾಗ ಗುರುಗಳು ಹಿಂಜರಿದರೆ ಬೇಸರಪಟ್ಟು ಫಲವಿಲ್ಲ. ಮಗು ಒಂದು ದಿನವೂ ಧರ್ಮೋಪದೇಶ ತರಗತಿಯಲ್ಲಿ ಕುಳಿತಿರುವುದಿಲ್ಲ.

ಹೆಸರು ಬರೆಸಿದ ಮೇಲೆ ಕಿರು ಕ್ರೈಸ್ತ ಸಮುದಾಯದ ಕೂಟಕ್ಕೆ ಹೋಗಬೇಕು. ನಮ್ಮಲ್ಲಿ ವಾಳೆ, ಗುರಿಕಾರರು ಇದ್ದಂತೆಯೇ ಇದು. ಸದಸ್ಯರ ಮನೆಗಳಲ್ಲಿ ಸರದಿಯಂತೆ ಸೇರಿ ಶುಭಸಂದೇಶ ಓದಿ ಪ್ರಾರ್ಥಿಸುತ್ತಾರೆ. ನಿಜವಾದ ಪರಿಚಯ ಆಗುವುದು ಇಲ್ಲೇ. ಯಾರ ತಂದೆ ಆಸ್ಪತ್ರೆಯಲ್ಲಿದ್ದಾರೆ, ಯಾರ ಮಗಳಿಗೆ ಫೀಸಿನ ತೊಂದರೆ ಎಂಬುದು ಭಾನುವಾರದ ಪೂಜೆಯಲ್ಲಿ ತಿಳಿಯುವುದಿಲ್ಲ. ಒಮ್ಮೆ ನಿಮ್ಮ ಬಾಡಿಗೆ ಮನೆಯಲ್ಲೂ ಕೂಟ ಇಟ್ಟುಕೊಳ್ಳಿ. ಮನೆ ಚಿಕ್ಕದೆಂಬ ಸಂಕೋಚ ಬೇಡ, ಚಾಪೆ ಹಾಸಿದರೆ ಸಾಕು.

ಭಾಷೆಯ ವಿಷಯ ಬಿಚ್ಚಿ ಹೇಳುವುದೇ ಒಳ್ಳೆಯದು. ಇಲ್ಲಿನ ಆರಾಧನೆ ಬಹುಪಾಲು ಕನ್ನಡದಲ್ಲಿ. ಕೊಂಕಣಿಯಲ್ಲಿ ಪ್ರಾರ್ಥನೆ ಕಲಿತವರಿಗೆ ಮೊದಮೊದಲು ನಾಲಿಗೆ ತೊಡರುತ್ತದೆ. ಕನ್ನಡ ಪೂಜಾ ಪುಸ್ತಕ ಕೊಂಡು ಮನೆಯಲ್ಲಿ ಎರಡು ವಾರ ಓದಿದರೆ ಉತ್ತರ ಕೊಡುವುದು ಬರುತ್ತದೆ. ಕೊಂಕಣಿಯವರೇ ಹೊರಗೆ ಗುಂಪಾಗಿ ನಿಂತು ಮಾತಾಡಿ ಹೋದರೆ ಸ್ಥಳೀಯರಿಗೆ ಏನನಿಸೀತು ಎಂದು ಯೋಚಿಸಬೇಕು. ಮೊಂತಿ ಫೆಸ್ತ್ ಅಲ್ಲೂ ಸೆಪ್ಟೆಂಬರ್ 8ರಂದೇ ಮಾತೆಯ ಜನನದ ಹಬ್ಬವಾಗಿ ಬರುತ್ತದೆ; ಹೊಸ ತೆನೆಯ ನಮ್ಮ ಸಂಪ್ರದಾಯವನ್ನು ಗುರುಗಳ ಒಪ್ಪಿಗೆ ಪಡೆದು ಎಲ್ಲರಿಗೂ ಪರಿಚಯಿಸಬಹುದು. ಹಾಗೆಯೇ ಹಳೇ ಮೈಸೂರು ಕಡೆಯ ತೇರಿನ ಹಬ್ಬಕ್ಕೆ ನಾವೂ ಹೆಗಲು ಕೊಡಬೇಕು.

ವಾಚಕರಾಗಿ, ಗಾಯನವೃಂದದಲ್ಲಿ, ಧರ್ಮೋಪದೇಶ ಶಿಕ್ಷಕರಾಗಿ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ, ಮರಿಯ ಸೇನೆ, ಯುವ ಸಂಘಟನೆಗಳಲ್ಲಿ ಸೇವೆಗೆ ಅವಕಾಶವಿದೆ. ವಿಧಿಪೂರ್ವಕ ನೇಮಕದ ವಾಚಕ ಮತ್ತು ಪೀಠಸೇವಕ ಸೇವೆಗಳನ್ನು ಪೋಪ್ ಫ್ರಾನ್ಸಿಸ್ 2021ರ ಜನವರಿಯಲ್ಲಿ ಮಹಿಳೆಯರಿಗೂ ತೆರೆದರು. ಅದೇ ವರ್ಷ ಮೇ ತಿಂಗಳಲ್ಲಿ ಧರ್ಮೋಪದೇಶಕರ ಸೇವೆಗೂ ಅಂಥ ಸ್ಥಾನ ಕೊಟ್ಟರು. ಲೆಕ್ಕಪತ್ರ ಬಲ್ಲ ಬ್ಯಾಂಕ್ ನೌಕರರು ಆರ್ಥಿಕ ಸಮಿತಿಗೆ ಬಹಳ ಉಪಯುಕ್ತರು. ಪ್ರತಿ ಧರ್ಮಕೇಂದ್ರದಲ್ಲೂ ಆ ಸಮಿತಿ ಇರಲೇಬೇಕು (537ನೇ ವಿಧಿ). ಪಾಲನಾ ಪರಿಷತ್ತು ಸಲಹೆ ನೀಡುವ ಮಂಡಳಿ. ಬಂದ ಮೊದಲ ವರ್ಷವೇ ಅಲ್ಲಿ ಕುಳಿತು "ನಮ್ಮ ಊರಿನಲ್ಲಿ ಹೀಗೆ ಮಾಡುತ್ತೇವೆ" ಎಂದು ಹೇಳತೊಡಗುವುದಕ್ಕಿಂತ ಒಂದು ವರ್ಷ ಕುರ್ಚಿ ಜೋಡಿಸಿ, ಚರ್ಚ್ ಗುಡಿಸಿ ಪರಿಚಯವಾಗುವುದು ಮೇಲು.

ಸ್ವಾಗತಿಸುವವರಿಗೆ

ಸ್ವಾಗತ ಎರಡು ಕಡೆಯಿಂದಲೂ ಬರಬೇಕು. ಪೂಜೆಯ ಕೊನೆಯಲ್ಲಿ ಹೊಸಬರನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸುವುದರಿಂದ ಹೆಚ್ಚೇನೂ ಆಗದು. ಸಂಕೋಚದವರು ಮುಂದಿನ ವಾರ ಬರುವುದೇ ಇಲ್ಲ. ವಾರದೊಳಗೆ ವಾರ್ಡಿನ ಮುಖಂಡರೊಬ್ಬರು ಮನೆಗೆ ಹೋಗಿ ಹಾಲು ಎಲ್ಲಿ ಸಿಗುತ್ತದೆ, ಯಾವ ಶಾಲೆ ಒಳ್ಳೆಯದು ಎಂದು ತಿಳಿಸಿ ಬಂದರೆ ಆ ಕುಟುಂಬ ನಿಮ್ಮದಾಯಿತು. ಕುಟುಂಬಗಳನ್ನು ಭೇಟಿಮಾಡಿ ಅರಿಯುವುದು ವಿಚಾರಣಾ ಗುರುಗಳ ಕರ್ತವ್ಯವೆಂದು 529ನೇ ವಿಧಿ ಹೇಳುತ್ತದೆ. ಆದರೆ ಹಳ್ಳಿಹಳ್ಳಿಗೆ ಓಡಾಡುವ ಒಬ್ಬ ಗುರುಗಳಿಗೆ ಎಲ್ಲ ಮನೆ ತಲುಪಲು ಶ್ರೀಸಾಮಾನ್ಯರ ನೆರವು ಬೇಕು. ಕರಾವಳಿಯ ಗುರುಗಳೂ ಒಂದು ಕೆಲಸ ಮಾಡಬಹುದು: ಕುಟುಂಬವೊಂದು ಹೊರಟಾಗ ಹಾಸನ ಕಡೆಯ ಗುರುಗಳಿಗೆ ಒಂದು ಫೋನ್ ಮಾಡಿ ತಿಳಿಸುವುದು.

ನೋಂದಣಿಯ ಅಗತ್ಯ ಮದುವೆ ಮತ್ತು ಸಾವಿನ ಸಮಯದಲ್ಲಿ ತಟ್ಟನೆ ಅರಿವಾಗುತ್ತದೆ. ವಿವಾಹವನ್ನು ವಧು ಅಥವಾ ವರ ನಿವಾಸ, ಅರೆ-ನಿವಾಸ ಇರುವ, ಇಲ್ಲವೇ ಒಂದು ತಿಂಗಳು ವಾಸಿಸಿದ ಧರ್ಮಕೇಂದ್ರದಲ್ಲಿ ನೆರವೇರಿಸಬಹುದು (1115ನೇ ವಿಧಿ). ಅದಕ್ಕೆ ಮೊದಲು ಇವರು ಅವಿವಾಹಿತರು ಎಂದು ಹೇಳಬಲ್ಲವರು ಬೇಕು. ಎಂಟು ವರ್ಷ ಹಾಸನದಲ್ಲಿದ್ದ ಯುವಕನ ಬಗ್ಗೆ ಊರಿನ ಗುರುಗಳಿಗೆ ತಿಳಿದಿರುವುದಿಲ್ಲ, ಹೆಸರು ಬರೆಸದಿದ್ದರೆ ಹಾಸನದವರಿಗೂ ತಿಳಿದಿರುವುದಿಲ್ಲ. ಅಂತ್ಯಕ್ರಿಯೆ ಸಾಮಾನ್ಯವಾಗಿ ಮೃತರ ಸ್ವಂತ ಧರ್ಮಕೇಂದ್ರದಲ್ಲಿ ನಡೆಯುತ್ತದೆ (1177ನೇ ವಿಧಿ). ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿ ಊರಿಗೆ ಕೊಂಡೊಯ್ಯಲಾಗದೆ ಹೋಗಬಹುದು. ಆಗ ರೋಗಿಗಳ ಅಭ್ಯಂಗಕ್ಕೆ ಗುರುಗಳನ್ನು ಕರೆತರುವವರು, ಸಮಾಧಿಯ ಜಾಗಕ್ಕಾಗಿ ಓಡಾಡುವವರು, ರಾತ್ರಿಯಿಡೀ ಜಪಸರ ಹೇಳುವವರು ಅಲ್ಲಿನ ಕಿರು ಸಮುದಾಯದವರೇ.