‘ದಿ’ ಮತ್ತು ‘ಎ’: ಎರಡು ಕಿರುಪದಗಳ ಚರಿತ್ರೆ

ಇಂಗ್ಲಿಷನ್ನು ಕಲಿಯತೊಡಗಿದ ನಮ್ಮ ಮಕ್ಕಳಿಗೆ ದೊಡ್ಡ ಪದಗಳು ಕೊಡುವ ತೊಂದರೆಗಿಂತ ಸಣ್ಣ ಪದಗಳು ಕೊಡುವ ತೊಂದರೆಯೇ ಹೆಚ್ಚು. ಕಾಗುಣಿತ ಕಠಿನವಾದ ಮಾತುಗಳನ್ನು ತಪ್ಪಿಲ್ಲದೆ ಬರೆಯುವ ಹುಡುಗನೂ ‘ದಿ’, ‘ಎ’, ‘ಆನ್’ ಎಂಬ ಆರ್ಟಿಕಲ್ಲುಗಳಲ್ಲಿ ಎಡವುವನು. ಉಪಾಧ್ಯಾಯರ ಕೆಂಪು ಶಾಯಿ ಅಲ್ಲಿಯೇ ಹೆಚ್ಚಾಗಿ ವೆಚ್ಚವಾಗುವುದು. ಇವನ್ನು ನಾವು ಕ್ರಮವಾಗಿ ನಿಶ್ಚಯಪದ, ಅನಿಶ್ಚಯಪದಗಳೆಂದು ಕರೆಯಬಹುದು. ‘ಇವು ನಮ್ಮ ನುಡಿಯಲ್ಲಿಲ್ಲ, ಆದಕಾರಣ ನಮ್ಮ ಬುದ್ಧಿಗೆ ಹತ್ತವು’ ಎಂಬ ನಿರಾಶೆ ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುವುದುಂಟು. ಈ ನಿರಾಶೆಗೆ ಆಧಾರವಿದೆಯೇ ಎಂಬುದನ್ನು ಆ ಪದಗಳ ಚರಿತ್ರೆಯನ್ನೇ ಕೇಳಿ ತಿಳಿಯುವುದು ಯುಕ್ತ.

899ರಲ್ಲಿ ಕಾಲವಾದ ಆಲ್‌ಫ್ರೆಡ್ ದೊರೆಯ ದಿನಗಳ ಇಂಗ್ಲಿಷನ್ನು ನೋಡಿದರೆ ಈಗಿನ ‘ದಿ’ ಎಲ್ಲಿಯೂ ಈ ರೂಪದಲ್ಲಿ ಕಾಣದು. ಆ ಭಾಷೆಯಲ್ಲಿ ನಾಮಪದಗಳಿಗೆ ಮೂರು ಲಿಂಗಗಳಿದ್ದುವು. ಸಂಸ್ಕೃತದಲ್ಲಿರುವಂತೆ ವಿಭಕ್ತಿಪ್ರತ್ಯಯಗಳೂ ಇದ್ದುವು. ‘ಆ’ ಎಂದು ಬೆರಳಿಟ್ಟು ತೋರಿಸಲು ಪುಲ್ಲಿಂಗದಲ್ಲಿ ‘ಸೆ’, ಸ್ತ್ರೀಲಿಂಗದಲ್ಲಿ ‘ಸೇಒ’, ನಪುಂಸಕದಲ್ಲಿ ‘ಥ್ಯಾಟ್’ ಎಂಬ ರೂಪಗಳು ಬಳಕೆಯಲ್ಲಿದ್ದು, ವಿಭಕ್ತಿ ವಚನಗಳಿಗೆ ತಕ್ಕಂತೆ ಬದಲಾಗುತ್ತಿದ್ದುವು. ಈ ದರ್ಶಕಪದವು ಗದ್ಯದಲ್ಲಿ ಅನೇಕ ಕಡೆ ಈಗಿನ ನಿಶ್ಚಯಪದದ ಕೆಲಸವನ್ನೂ ಮಾಡುತ್ತಿದ್ದಿತು. ಹಳೆಯ ಕಾವ್ಯವಾದರೋ ಎಷ್ಟೋ ಸಂದರ್ಭಗಳಲ್ಲಿ ಅದಿಲ್ಲದೆಯೇ ಸಾಗುತ್ತಿದ್ದಿತು. ಅನಿಶ್ಚಯಪದವೆಂಬ ಬೇರೊಂದು ವರ್ಗವಂತೂ ಇನ್ನೂ ನೆಲೆಗೊಂಡಿರಲಿಲ್ಲ.

ಈ ಏರ್ಪಾಡು ಕಾಲಕ್ರಮದಲ್ಲಿ ಸಡಿಲಿತು. ಒಂಬತ್ತನೆಯ ಶತಮಾನದಿಂದ ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲಸಿದ ಡೇನರ ನುಡಿಗೂ ಇಂಗ್ಲಿಷಿಗೂ ಧಾತುಗಳಲ್ಲಿ ಬಹಳ ಹೋಲಿಕೆಯಿದ್ದಿತು, ಪ್ರತ್ಯಯಗಳಲ್ಲಿ ಭೇದವಿದ್ದಿತು. ನೆರೆಹೊರೆಯವರು ಮಾತನಾಡುವಾಗ ಹೋಲುವ ಭಾಗ ಉಳಿದು ಹೋಲದ ಭಾಗ ಸವೆಯಿತೆಂಬುದು ವಿದ್ವಾಂಸರು ಹೇಳುವ ಕಾರಣಗಳಲ್ಲೊಂದು. ಪದದ ಮೊದಲಿಗೆ ಒತ್ತು ಬೀಳುವುದರಿಂದ ಕೊನೆಯ ಸ್ವರಗಳು ತಾವಾಗಿಯೇ ಮಸುಕಾದುವೆಂಬುದು ಮತ್ತೊಂದು. 1066ರಲ್ಲಿ ನಾರ್ಮನರು ಗೆದ್ದ ಮೇಲೆ ಫ್ರೆಂಚು ಅರಮನೆಯ ಭಾಷೆಯಾಯಿತು. ಹಳೆಯ ಬರಹದ ಕಟ್ಟುಪಾಡನ್ನು ಕಾಯುವವರು ವಿರಳವಾದರು. ಪೀಟರ್‌ಬರೋ ಮಠದಲ್ಲಿ 1154ರ ವರೆಗೆ ಬರೆದ ವೃತ್ತಾಂತದ ಕೊನೆಯ ಭಾಗದಲ್ಲಿ ಈ ಸವೆತವು ಸ್ಪಷ್ಟವಾಗಿ ಕಾಣುವುದು. ‘ಸೆ’ ಎಂಬುದು ತನ್ನ ಬಳಗದ ಉಳಿದ ರೂಪಗಳ ಮೊದಲಕ್ಷರವನ್ನು ಅನುಸರಿಸಿ ‘ಥೆ’ ಆಯಿತು; ಲಿಂಗ ವಿಭಕ್ತಿಗಳ ಭೇದವನ್ನು ಬಿಟ್ಟು ಎಲ್ಲ ನಾಮಪದಗಳಿಗೂ ಒಂದೇ ಆಗಿ ನಿಂತಿತು. ಇದೇ ಇಂದಿನ ‘ದಿ’. ನಪುಂಸಕರೂಪವು ಇಂದಿನ ‘ದ್ಯಾಟ್’ ಆಗಿ, ಬೆರಳಿಟ್ಟು ತೋರಿಸುವ ಹಳೆಯ ಕೆಲಸವನ್ನು ಉಳಿಸಿಕೊಂಡಿತು.

ಅನಿಶ್ಚಯಪದದ ಹುಟ್ಟು ಇನ್ನೂ ಸರಳವಾದುದು. ‘ಆನ್’ ಎಂದರೆ ‘ಒಂದು’. ಒತ್ತಿ ಹೇಳಿದಾಗ ಅದು ‘ವನ್’ ಎಂಬ ಸಂಖ್ಯೆಯಾಗಿ ಬೆಳೆಯಿತು. ಒತ್ತಿಲ್ಲದೆ ಹೇಳಿದಾಗ ‘ಆನ್’ ಆಗಿಯೇ ಉಳಿದು, ವ್ಯಂಜನದ ಮುಂದೆ ನಕಾರವನ್ನು ಕಳೆದುಕೊಂಡು ‘ಎ’ ಆಯಿತು. ಸ್ವರದ ಮುಂದೆ ನಕಾರವನ್ನು ಸೇರಿಸಬೇಕೆಂದು ಶಾಲೆಯಲ್ಲಿ ಹೇಳುವರಷ್ಟೆ. ಚರಿತ್ರೆಯ ದೃಷ್ಟಿಯಲ್ಲಿ ಆ ನಕಾರವು ಸೇರಿದುದಲ್ಲ, ಹೋಗದೆ ಉಳಿದುದು. ಈ ಚಂಚಲ ನಕಾರದಿಂದ ಜನರು ಮೋಸಹೋದುದೂ ಉಂಟು. ಅಡಿಗೆಯವರು ಕಟ್ಟಿಕೊಳ್ಳುವ ವಸ್ತ್ರಕ್ಕೆ ಮೊದಲು ‘ನೇಪ್ರನ್’ ಎಂದು ಹೆಸರು. ‘ಎ ನೇಪ್ರನ್’ ಎಂಬುದನ್ನು ‘ಆನ್ ಏಪ್ರನ್’ ಎಂದು ಒಡೆದರು. ‘ಹೆಚ್ಚಿನ ಹೆಸರು’ ಎಂಬರ್ಥದ ‘ಎಕೆನೇಮ್’ ಇದಕ್ಕೆ ವಿಪರೀತವಾಗಿ ನಕಾರವನ್ನು ಸೆಳೆದುಕೊಂಡು ‘ನಿಕ್‌ನೇಮ್’ ಆಯಿತು. ನಮ್ಮ ದೇಶದಿಂದ ಹೊರಟ ‘ನಾರಂಗ’ ಶಬ್ದವು ಪಾರಸಿ ಅರಬ್ಬಿಗಳನ್ನು ಹಾದು ಪಶ್ಚಿಮಕ್ಕೆ ಹೋದಾಗ, ಇಂಗ್ಲಿಷಿಗೆ ಬರುವ ಮೊದಲೇ ತಲೆಯ ನಕಾರವನ್ನು ಕಳೆದುಕೊಂಡು ‘ಆರೆಂಜ್’ ಆಗುವ ದಾರಿ ಹಿಡಿದುದಕ್ಕೂ ಅಲ್ಲಿಯ ಅನಿಶ್ಚಯಪದವೇ ಕಾರಣವಾಗಿರಬೇಕೆಂದು ಊಹಿಸುವರು.

ಹೀಗೆ ‘ಆ’ ಎಂಬುದರಿಂದ ಒಂದು, ‘ಒಂದು’ ಎಂಬುದರಿಂದ ಇನ್ನೊಂದು: ಇದಿಷ್ಟೇ ಆರ್ಟಿಕಲ್ಲುಗಳ ವಂಶಾವಳಿ. ಲ್ಯಾಟಿನ್ ಭಾಷೆಯಲ್ಲಿ ಇವು ಇರಲಿಲ್ಲ. ಆದರೂ ಅದರ ಮಕ್ಕಳಾದ ಫ್ರೆಂಚು, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳು ‘ಆ’, ‘ಒಂದು’ ಎಂಬರ್ಥದ ಪದಗಳಿಂದಲೇ ಇವನ್ನು ಮಾಡಿಕೊಂಡುವು. ಸಂಸ್ಕೃತವೂ ರಷ್ಯನ್ ಭಾಷೆಯೂ ಇವಿಲ್ಲದೆಯೇ ಮಹಾಗ್ರಂಥಗಳನ್ನು ಹೆತ್ತುವು. ಇರುವುದು ಹಿರಿಮೆಯಲ್ಲ, ಇಲ್ಲದಿರುವುದು ಕುಂದಲ್ಲ.

ಇನ್ನು ಕನ್ನಡವನ್ನು ನೋಡೋಣ. ಅಜ್ಜಿಯು ಕಥೆ ಹೇಳುವಾಗ ‘ಒಂದೂರಿನಲ್ಲಿ ಒಬ್ಬ ಅರಸ, ಆ ಅರಸನಿಗೆ ಇಬ್ಬರು ಮಕ್ಕಳು’ ಎನ್ನುವಳೇ ಹೊರತು, ಮೊದಲು ‘ಆ ಅರಸ’ ಎಂದು ತೊಡಗುವುದಿಲ್ಲ. ಕೇಳುವವನಿಗೆ ಹೊಸದಾದುದಕ್ಕೆ ‘ಒಬ್ಬ’, ಪರಿಚಿತನಾದ ಮೇಲೆ ‘ಆ’. ‘ಹಣ್ಣು ತಂದೆ’ ಎಂದರೆ ಯಾವುದೋ ಹಣ್ಣು. ‘ಹಣ್ಣನ್ನು ತಂದೆ’ ಎಂದರೆ ಆಡುಮಾತಿನಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ತಿಳಿದ ಹಣ್ಣು. ವಿವೇಕವು ನಮ್ಮಲ್ಲಿಯೂ ಇದೆ. ಅದನ್ನು ಪ್ರತಿಸಲವೂ ಬಾಯಿಬಿಟ್ಟು ಹೇಳಬೇಕೆಂಬ ನಿರ್ಬಂಧವಿಲ್ಲ, ಅಷ್ಟೆ.

ಹಾಗೆಂದು ಈ ಪದಗಳನ್ನು ಅಲಕ್ಷಿಸಲಾಗದು. 1967ರ ಜೂನ್ ತಿಂಗಳ ಯುದ್ಧದಲ್ಲಿ ಇಸ್ರೇಲು ನೆರೆಯ ಅರಬ್ ರಾಷ್ಟ್ರಗಳ ವಶದಲ್ಲಿದ್ದ ಪ್ರದೇಶಗಳನ್ನು ಹಿಡಿದುಕೊಂಡಿತು. ಆ ವರ್ಷದ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು 242ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಬ್ರಿಟನ್ನಿನ ಪ್ರತಿನಿಧಿ ಲಾರ್ಡ್ ಕ್ಯಾರಡನ್ ಮಂಡಿಸಿದ ಆ ನಿರ್ಣಯದಲ್ಲಿ, ಸೇನೆಯು ಹಿಂದೆಗೆಯಬೇಕಾದ ‘ಪ್ರದೇಶಗಳು’ ಎಂಬ ಪದದ ಮುಂದೆ ‘ದಿ’ ಇಲ್ಲ. ಫ್ರೆಂಚು ಪಾಠದಲ್ಲಿ ನಿಶ್ಚಯಪದವು ಸೇರಿಕೊಂಡಿದೆ. ಎಲ್ಲ ಪ್ರದೇಶಗಳೆಂದು ಹೇಳಿಲ್ಲವೆಂಬುದು ಇಸ್ರೇಲಿನ ವಾದ. ಎಲ್ಲವೆಂಬುದೇ ಅರ್ಥವೆಂಬುದು ಅರಬ್ ರಾಷ್ಟ್ರಗಳ ವಾದ. ಆಗ ಮಂಡಲಿಯ ಸದಸ್ಯರಾಷ್ಟ್ರವಾಗಿದ್ದ ಭಾರತವೂ ಎಲ್ಲವೆಂಬ ಅರ್ಥವನ್ನೇ ಗ್ರಹಿಸಿತು. ಒಂದು ಕಿರುಪದದ ಅಭಾವವು ಎಷ್ಟೋ ಜನರ ಮನೆಮಠಗಳ ಪ್ರಶ್ನೆಯೊಡನೆ ಹೆಣೆದುಕೊಂಡಿತು. ಇದನ್ನು ಕನ್ನಡಿಸುವವನು ಬರಿದೆ ‘ಪ್ರದೇಶಗಳಿಂದ’ ಎಂದರೆ ಅರ್ಥವು ಎರಡು ಕಡೆಗೂ ತೂಗಾಡುವುದು.

ಆದುದರಿಂದ ಮಕ್ಕಳಿಗೆ ಮೊದಲು ಸೂತ್ರಗಳ ಪಟ್ಟಿಯನ್ನು ಉರುಹಾಕಿಸುವ ಬದಲು ಅಜ್ಜಿಯ ಕಥೆಯನ್ನು ನೆನಪಿಸಿ, ‘ಕೇಳುವವನಿಗೆ ಇದು ಹೊಸದೋ, ತಿಳಿದುದೋ?’ ಎಂದು ಕೇಳುವುದು ಲೇಸು. ಅಪವಾದಗಳು ಮುಂದೆ ಅಭ್ಯಾಸದಿಂದ ಬರುವುವು. ಪರದೇಶದ ಬೀಗವೆಂದು ನಾವು ಅಂಜುವ ಈ ಪದಗಳ ಕೀಲಿಕೈ ‘ಆ’, ‘ಒಂದು’ ಎಂಬ ಹೆಸರಿನಿಂದ ನಮ್ಮ ಮನೆಯಲ್ಲಿಯೇ ಇದೆ.