ದಿನಕ್ಕೆ 5 ಸೆಂಟ್, ತಿಂಗಳಿಗೆ 5 ರೂಪಾಯಿ

ಕೂಲಿ ಕಾರ್ಮಿಕನೊಬ್ಬನ ಕಾಲಿಗೆ ಮೊಳೆ ಚುಚ್ಚಿದರೆ ವೈದ್ಯನಿಗೆ ಲಾಭವೋ, ನಷ್ಟವೋ?

ಪ್ರಶ್ನೆ ವಿಚಿತ್ರವಾಗಿ ಕಾಣಬಹುದು. ಆದರೆ ಆರೋಗ್ಯ ವಿಮೆಯ ಖರ್ಚು ಏರುವುದೂ ಇಳಿಯುವುದೂ ಬಹುಮಟ್ಟಿಗೆ ಇದರ ಉತ್ತರವನ್ನೇ ಅವಲಂಬಿಸಿದೆ. ಗಾಯವೊಂದಕ್ಕೆ ಇಷ್ಟು ಎಂದು ಹಣ ಪಡೆಯುವ ವೈದ್ಯನಿಗೆ ಗಾಯಾಳು ಬಂದಷ್ಟೂ ಆದಾಯ. 1930ರ ದಶಕದಲ್ಲಿ ಅಮೆರಿಕದ ಮರುಭೂಮಿಯೊಂದರಲ್ಲಿ ಯುವ ವೈದ್ಯರೊಬ್ಬರು ಈ ಲೆಕ್ಕವನ್ನು ತಿರುಗಿಸಿಬಿಟ್ಟರು. ಶಾಲೆ ಬಿಟ್ಟ ಗುತ್ತಿಗೆದಾರರೊಬ್ಬರು ಅವರ ಬೆನ್ನಿಗೆ ನಿಂತರು. ಎಪ್ಪತ್ತು ವರ್ಷಗಳ ಬಳಿಕ ಕರ್ನಾಟಕದ ರೈತರು ಬೇರೆ ದಾರಿಯಲ್ಲಿ ಅಂಥದೇ ಒಂದು ಲೆಕ್ಕ ಹಾಕಿದರು.

ಮರುಭೂಮಿಯ ಆಸ್ಪತ್ರೆ

ಆ ವೈದ್ಯರ ಹೆಸರು ಸಿಡ್ನಿ ಗಾರ್‌ಫೀಲ್ಡ್. 1933ರಲ್ಲಿ ಅವರಿಗೆ ಇನ್ನೂ 27 ವರ್ಷ. ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕಾಲವದು. ಕೊಲರಾಡೊ ನದಿಯ ನೀರನ್ನು ಲಾಸ್ ಏಂಜಲೀಸ್ ಕಡೆಗೆ ಒಯ್ಯುವ ದೊಡ್ಡ ಕಾಲುವೆಯ ಕೆಲಸ ಕ್ಯಾಲಿಫೋರ್ನಿಯಾದ ಮೊಜಾವೆ ಮರುಭೂಮಿಯಲ್ಲಿ ನಡೆದಿತ್ತು. ಅಲ್ಲಿ ದುಡಿಯುತ್ತಿದ್ದ ಸಾವಿರಾರು ಕಾರ್ಮಿಕರಿಗೆ ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ. ಗಾರ್‌ಫೀಲ್ಡ್ ಸಾಲ ಮಾಡಿ ಡೆಸರ್ಟ್ ಸೆಂಟರ್ ಎಂಬ ಊರಿನ ಬಳಿ 12 ಹಾಸಿಗೆಗಳ ಆಸ್ಪತ್ರೆ ಕಟ್ಟಿದರು.

ರೋಗಿಗಳು ಬಂದರು, ಹಣ ಬರಲಿಲ್ಲ. ಕೆಲಸದ ವೇಳೆ ಆದ ಗಾಯಕ್ಕೆ ವಿಮಾ ಕಂಪೆನಿಗಳು ಹಣ ಕೊಡಬೇಕಿತ್ತು. ಅವು ಬಿಲ್ಲು ಪಾವತಿಸಲು ಸತಾಯಿಸುತ್ತಿದ್ದವು. ದೊಡ್ಡ ಪ್ರಕರಣಗಳನ್ನು ಲಾಸ್ ಏಂಜಲೀಸಿಗೆ ಸಾಗಿಸುತ್ತಿದ್ದವು. ಜ್ವರ, ಕೆಮ್ಮು ಎಂದು ಬಂದ ಕಾರ್ಮಿಕರ ಕಿಸೆಯಲ್ಲಿ ಕಾಸಿರಲಿಲ್ಲ. ಹಾಗೆಂದು ಗಾರ್‌ಫೀಲ್ಡ್ ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ. ಆಸ್ಪತ್ರೆ ದಿವಾಳಿಯ ಅಂಚಿಗೆ ಬಂತು.

ಆಗ ನೆರವಿಗೆ ಬಂದವರು ಗುತ್ತಿಗೆದಾರರ ವಿಮಾ ಕಂಪೆನಿಯಲ್ಲಿದ್ದ ಹೆರಾಲ್ಡ್ ಹ್ಯಾಚ್. ಒಬ್ಬೊಬ್ಬ ರೋಗಿಗೂ ಬಿಲ್ಲು ಬರೆಯುವ ಬದಲು ಒಬ್ಬ ಕಾರ್ಮಿಕನಿಗೆ ದಿನಕ್ಕೆ 5 ಸೆಂಟ್‌ನಂತೆ ವಿಮಾ ಕಂಪೆನಿಯೇ ಮುಂಗಡ ಕೊಟ್ಟರೆ ಹೇಗೆ ಎಂದರು ಅವರು. ಕೆಲಸಕ್ಕೆ ಸಂಬಂಧಿಸದ ಕಾಯಿಲೆಗಳಿಗೆ ಕಾರ್ಮಿಕರು ಇಷ್ಟಪಟ್ಟಲ್ಲಿ ತಮ್ಮ ಕೂಲಿಯಿಂದ ಇನ್ನೊಂದು 5 ಸೆಂಟ್ ಕೊಡುವ ಏರ್ಪಾಡೂ ಆಯಿತು. ಸಾವಿರ ಕಾರ್ಮಿಕರಿದ್ದರೆ ದಿನಕ್ಕೆ 50 ಡಾಲರ್. ಇಬ್ಬಗೆಯ ಕಂತೂ ಸೇರಿದರೆ 100 ಡಾಲರ್. ಆಸ್ಪತ್ರೆ ಉಸಿರಾಡಿತು.

ಇದಕ್ಕಿಂತ ದೊಡ್ಡ ಬದಲಾವಣೆ ವೈದ್ಯರ ನಡವಳಿಕೆಯಲ್ಲಿ ಕಂಡಿತು. ಹಣ ಮೊದಲೇ ಕೈಸೇರಿದ್ದರಿಂದ ಈಗ ಪ್ರತಿ ಗಾಯವೂ ಆಸ್ಪತ್ರೆಗೆ ಖರ್ಚು. ಗಾರ್‌ಫೀಲ್ಡ್ ಕೆಲಸದ ಜಾಗಕ್ಕೇ ಹೋಗಿ ಹಲಗೆಗಳಲ್ಲಿ ಮೇಲೆದ್ದಿದ್ದ ಮೊಳೆಗಳನ್ನು ಬಡಿಸತೊಡಗಿದರು. ಸುರಂಗದಲ್ಲಿ ಕಲ್ಲು ಬಿದ್ದು ತಲೆ ಒಡೆದುಕೊಂಡವರು ಹೆಚ್ಚಾದರೆ ಅಲ್ಲಿ ಆಧಾರ ಕಂಬ ಬಲಪಡಿಸಿ ಎಂದು ಎಂಜಿನಿಯರುಗಳ ಬೆನ್ನುಹತ್ತಿದರು. ಕಾಯಿಲೆ ಬಾರದಂತೆ ನೋಡಿಕೊಳ್ಳುವುದು ಉಪದೇಶವಾಗಿ ಉಳಿಯದೆ ಆಸ್ಪತ್ರೆಯ ಜಮಾಖರ್ಚಿನೊಳಗೆ ಸೇರಿಹೋಯಿತು.

ಗುತ್ತಿಗೆದಾರನ ಹಟ

1938ರಲ್ಲಿ ವಾಷಿಂಗ್ಟನ್ ರಾಜ್ಯದ ಗ್ರ್ಯಾಂಡ್ ಕೂಲೀ ಅಣೆಕಟ್ಟಿನ ಕೆಲಸಗಾರರಿಗೂ ಇಂಥದೇ ವ್ಯವಸ್ಥೆ ಬೇಕಾಯಿತು. ಕರೆ ಬಂದದ್ದು ಗುತ್ತಿಗೆದಾರ ಹೆನ್ರಿ ಕೈಸರ್ ಅವರ ಸಂಸ್ಥೆಯಿಂದ. ಹದಿಮೂರನೇ ವಯಸ್ಸಿಗೇ ಶಾಲೆ ಬಿಟ್ಟಿದ್ದ ಕೈಸರ್ ಫೋಟೊ ಅಂಗಡಿ ನಡೆಸಿ, ಆಮೇಲೆ ರಸ್ತೆ ಹಾಕಿ, ಅಲ್ಲಿಂದ ಅಣೆಕಟ್ಟುಗಳಿಗೆ ಬಂದವರು. ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡಿದ್ದರು. ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಆಕೆ ಉಳಿಯುತ್ತಿದ್ದರು ಎಂದು ಕೊನೆಯವರೆಗೂ ನಂಬಿದ್ದರು. ಗ್ರ್ಯಾಂಡ್ ಕೂಲೀಯಲ್ಲಿ ಕಾರ್ಮಿಕರ ಜೊತೆಗೆ ಅವರ ಹೆಂಡತಿ ಮಕ್ಕಳಿಗೂ ಯೋಜನೆ ವಿಸ್ತರಿಸಿತು.

ಎರಡನೇ ಮಹಾಯುದ್ಧ ಶುರುವಾದಾಗ ಕೈಸರ್ ಹಡಗು ಕಟ್ಟಲು ಕೈಹಾಕಿದರು. ಆ ಕಸುಬಿನ ಅನುಭವವೇ ಅವರಿಗಿರಲಿಲ್ಲ. ಹಡಗನ್ನು ಭಾಗಭಾಗವಾಗಿ ಬೇರೆ ಕಡೆ ತಯಾರಿಸಿ ಕೊನೆಗೆ ಬೆಸೆಯುವ ಉಪಾಯ ಮಾಡಿದರು. 1942ರ ನವೆಂಬರಿನಲ್ಲಿ ಅವರ ರಿಚ್ಮಂಡ್ ಹಡಗುಕಟ್ಟೆ ಒಂದು ಸರಕು ಹಡಗನ್ನು ಐದು ದಿನಕ್ಕೂ ಕಡಿಮೆ ಅವಧಿಯಲ್ಲಿ ನೀರಿಗಿಳಿಸಿತು. ಗಟ್ಟಿಮುಟ್ಟಾದ ಯುವಕರೆಲ್ಲ ಸೇನೆಗೆ ಹೋಗಿದ್ದರಿಂದ ವಯಸ್ಸಾದವರು, ದುರ್ಬಲರು, ಎಂದೂ ಕಾರ್ಖಾನೆ ಕಾಣದ ಹೆಂಗಸರು ಇಲ್ಲಿ ದುಡಿಯುತ್ತಿದ್ದರು. ಇವರ ಆರೋಗ್ಯ ನೋಡಿಕೊಳ್ಳಲು ಗಾರ್‌ಫೀಲ್ಡ್ ಅವರೇ ಬೇಕೆಂದು ಹಟ ಹಿಡಿದ ಕೈಸರ್, ಸೇನೆಗೆ ಸೇರಬೇಕಿದ್ದ ಅವರನ್ನು ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಮನವಿ ಮಾಡಿ ಬಿಡಿಸಿಕೊಂಡರು.

ಯುದ್ಧ ಮುಗಿಯುತ್ತಾ ಬಂದಂತೆ ಕೆಲಸಗಾರರು ಚದುರತೊಡಗಿದರು. ಯೋಜನೆ ಅಲ್ಲಿಗೇ ನಿಲ್ಲಬಹುದಿತ್ತು. 1945ರ ಜುಲೈನಲ್ಲಿ ಅದರ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಅದೇ ಇಂದಿನ ‘ಕೈಸರ್ ಪರ್ಮನೆಂಟೆ’. ಈಗ ಅದರ ಸದಸ್ಯರು 1 ಕೋಟಿ 20 ಲಕ್ಷಕ್ಕೂ ಹೆಚ್ಚು.

ದಾರಿಯೇನೂ ಸುಗಮವಾಗಿರಲಿಲ್ಲ. ಮುಂಗಡ ಪಡೆದು ಗುಂಪಾಗಿ ಚಿಕಿತ್ಸೆ ಕೊಡುವ ವೈದ್ಯರನ್ನು ವೈದ್ಯ ಸಂಘಗಳು ದೂರವಿಟ್ಟವು. ಇದು ಸಮಾಜವಾದದ ಔಷಧ ಎಂಬ ಆಪಾದನೆ ಬಂತು. ಒಳಗೂ ಜಗಳವಿತ್ತು. ಆಸ್ಪತ್ರೆ ಯಾರ ಮಾತಿನಂತೆ ನಡೆಯಬೇಕು, ವೈದ್ಯರದೋ ಯಜಮಾನರದೋ ಎಂಬ ವ್ಯಾಜ್ಯ 1950ರ ದಶಕದಲ್ಲಿ ಒಪ್ಪಂದದ ಮೂಲಕ ಬಗೆಹರಿಯಿತು. ಮುಂಗಡ ಪದ್ಧತಿಗೆ ಇನ್ನೊಂದು ಮುಖವೂ ಇದೆ. ಕಡಿಮೆ ಚಿಕಿತ್ಸೆ ಕೊಟ್ಟರೆ ಹೆಚ್ಚು ಉಳಿತಾಯ ಎಂಬ ಆಸೆ ಅಲ್ಲಿ ಯಾವಾಗಲೂ ಹೊಂಚುಹಾಕಿರುತ್ತದೆ. ಈ ಮಾದರಿಯ ವಿಮೆಗಳ ಮೇಲೆ ಅಮೆರಿಕನ್ನರ ದೂರುಗಳಿಗೆ ಇದೇ ಮೂಲ.

ನಮ್ಮ ಹಳ್ಳಿಗಳ ಲೆಕ್ಕ

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಕಾರ್ಖಾನೆ ನೌಕರರಿಗೆ 1948ರ ಕಾಯ್ದೆಯಿಂದ ಇ.ಎಸ್.ಐ. ಬಂತು. ಕೂಲಿಯಿಂದ ಒಂದಿಷ್ಟು, ಮಾಲೀಕರಿಂದ ಒಂದಿಷ್ಟು ಸೇರಿಸಿ ಚಿಕಿತ್ಸೆ ಕೊಡುವ ವ್ಯವಸ್ಥೆ ಅದು. ಆದರೆ ರೈತನಿಗೆ ಮಾಲೀಕನಾರು? ಹೃದಯ ಶಸ್ತ್ರಚಿಕಿತ್ಸೆ ಎಂದರೆ ಅವನಿಗೆ ಹೊಲ ಮಾರುವುದೇ ದಾರಿಯಾಗಿತ್ತು.

ಬೆಂಗಳೂರಿನ ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಚಿಂತನೆ ಮತ್ತು ರಾಜ್ಯ ಸರ್ಕಾರದ ಸಹಕಾರ ಇಲಾಖೆಯ ಬೆಂಬಲದಿಂದ 2003ರಲ್ಲಿ ‘ಯಶಸ್ವಿನಿ’ ಜಾರಿಗೆ ಬಂತು. ಸದಸ್ಯ ಕೊಡಬೇಕಾದ್ದು ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು.

ಇಷ್ಟು ಅಗ್ಗವಾಗಲು ಕಾರಣಗಳಿದ್ದವು. ಹಣ ಸಂಗ್ರಹಕ್ಕೆ ಹೊಸ ಏಜೆಂಟರು ಬೇಕಾಗಲಿಲ್ಲ. ಹಾಲಿನ ಡೇರಿ, ಪತ್ತಿನ ಸಂಘಗಳ ಜಾಲ ಹಳ್ಳಿಗಳಲ್ಲಿ ಮೊದಲೇ ಇತ್ತು. ಹೊಣೆ ಹೊರಲು ಲಾಭ ಕೇಳುವ ವಿಮಾ ಕಂಪೆನಿಯ ಬದಲು ಒಂದು ಟ್ರಸ್ಟ್ ಇತ್ತು. ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ಎಂಬ ದರ ಮೊದಲೇ ನಿಗದಿಯಾಗಿತ್ತು. ಹಾಸಿಗೆಗಳು ಖಾಲಿ ಇದ್ದ ಖಾಸಗಿ ಆಸ್ಪತ್ರೆಗಳು ಆ ದರಕ್ಕೆ ಒಪ್ಪಿದವು.

ಗಾರ್‌ಫೀಲ್ಡ್ ಯೋಜನೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಇಲ್ಲಿ ಆಸ್ಪತ್ರೆಗೆ ಹಣ ಸಿಗುತ್ತಿದ್ದುದು ಶಸ್ತ್ರಚಿಕಿತ್ಸೆ ನಡೆದ ಮೇಲೆ. ಮೊಳೆ ಬಡಿಸುವ ಕೆಲಸ ಯಾರ ಲೆಕ್ಕದಲ್ಲೂ ಇರಲಿಲ್ಲ. ಮುಂದೆ ಕಂತು ಏರಿತು, ಸರ್ಕಾರದ ನೆರವು ಅನಿವಾರ್ಯವಾಯಿತು. 2018ರಲ್ಲಿ ಯಶಸ್ವಿನಿಯನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನಗೊಳಿಸಲಾಯಿತು. ಸಹಕಾರಿಗಳ ಒತ್ತಾಯದ ಮೇಲೆ 2022ರಲ್ಲಿ ಮರಳಿ ಆರಂಭಿಸಲಾಯಿತು.

2025ರ ಸೆಪ್ಟೆಂಬರಿನಲ್ಲಿ ಕೇಂದ್ರವು ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿ.ಎಸ್.ಟಿ.ಯನ್ನು ತೆಗೆದುಹಾಕಿತು. ತೆರಿಗೆ ಇಳಿದರೆ ಕಂತು ಒಮ್ಮೆ ಇಳಿಯುತ್ತದೆ. ಆಸ್ಪತ್ರೆಯ ಬಿಲ್ಲು ಏರುತ್ತಲೇ ಇದ್ದರೆ ಅದು ಮತ್ತೆ ಏರುತ್ತದೆ. ಜನ ಆರೋಗ್ಯವಾಗಿದ್ದರೆ ಆಸ್ಪತ್ರೆಗೂ ಲಾಭ ಎನ್ನುವಂಥ ಲೆಕ್ಕವನ್ನು ಹಾಕಿದವರು ಮರುಭೂಮಿಯ ಆ ವೈದ್ಯರು. ಆ ಲೆಕ್ಕ ನಮ್ಮಲ್ಲಿ ಇನ್ನೂ ಬಾಕಿ ಇದೆ.