ಚಲಚ್ಚಿತ್ರದ ದೇಹಾಂತರಗಳು

ಒಮ್ಮೆ ಹಣ ತೆತ್ತು ಮನೆಗೆ ತಂದ ಪದಾರ್ಥವು ಕಳೆದುಹೋಗದೆ ಬೀರುವಿನಲ್ಲಿಯೇ ಇರುವಾಗ, ಅದನ್ನೇ ಪುನಃ ಹಣ ತೆತ್ತು ಕೊಳ್ಳಬೇಕೆಂದರೆ ಯಾವ ಗೃಹಸ್ಥನೂ ಹುಬ್ಬು ಗಂಟಿಕ್ಕದೆ ಇರನು. ಆದರೂ ಕಳೆದ ನಾಲ್ಕು ದಶಕಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾವಂತ ಕುಟುಂಬಗಳು ತಮಗೆ ಪ್ರಿಯವಾದ ಚಲಚ್ಚಿತ್ರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಎರಡು ಮೂರು ಬಾರಿ ಎದುರಿಸಬೇಕಾಯಿತು. ಕ್ಯಾಸೆಟ್ಟಿನಲ್ಲಿದ್ದ ಚಿತ್ರವು ವಿ.ಸಿ.ಡಿ. ಆಯಿತು, ವಿ.ಸಿ.ಡಿ.ಯಲ್ಲಿದ್ದುದು ಡಿ.ವಿ.ಡಿ. ಆಯಿತು, ಈಗ ತಟ್ಟೆಯ ಗೊಡವೆಯೇ ಬೇಡ, ತಿಂಗಳ ಚಂದಾ ಕೊಟ್ಟರೆ ಸಾಕೆಂಬ ಕಾಲ ಬಂದಿದೆ. ಇದೆಲ್ಲವೂ ವರ್ತಕರ ಹಿಕ್ಮತ್ತೆಂದು ನಕ್ಕು ಬಿಡುವವರುಂಟು. ಅಷ್ಟು ಮಾತ್ರವೇ ಆಗಿದ್ದ ಪಕ್ಷದಲ್ಲಿ ಇಲ್ಲಿ ವಿಚಾರಿಸಬೇಕಾದ ಕಾರಣವಿರುತ್ತಿರಲಿಲ್ಲ.

ಕೃತಿಯು ಒಂದೇ ಇದ್ದು ಅದರ ದೇಹ ಮಾತ್ರ ಬದಲಾಗುವ ಸಂಗತಿ ಕನ್ನಡ ನಾಡಿಗೆ ಹೊಸದಲ್ಲ. ಓಲೆಯ ಗರಿಗಳನ್ನು ಹುಳು ತಿನ್ನುತ್ತ ಬಂದ ಹಾಗೆಲ್ಲ ಲಿಪಿಕಾರನನ್ನು ಕೂರಿಸಿ ಹೊಸ ಗರಿಗಳ ಮೇಲೆ ಬರೆಯಿಸುತ್ತಿದ್ದರು. ಈ ಕೆಲಸಕ್ಕೆ ದ್ರವ್ಯ ಬೇಕಾಗಿದ್ದಿತು. ಅದನ್ನು ಕೊಡುವುದು ಶಾಸ್ತ್ರದಾನವೆಂದು ಎಣಿಸಲ್ಪಡುತ್ತಿದ್ದಿತು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ವಾಚಕರಿಗೆ ತಿಳಿದೇ ಇದೆ. ಆಕೆಗೆ ಆ ಪುರಾಣದ ಒಂದು ಪ್ರತಿಯು ಮನೆಯಲ್ಲಿ ಇರಲಿಲ್ಲವೆಂದು ಅಲ್ಲ. ಇದ್ದುದರಿಂದಲೇ ಸಾವಿರ ಮಾಡಿಸಿದಳು. ಶಾಂತಿಪುರಾಣ ಇಂದಿಗೂ ಇದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯಕ್ಕೆ ಇಂಥ ಅದೃಷ್ಟವು ಒದಗಲಿಲ್ಲ. ಅದರ ಹೆಸರು ಮಾತ್ರ ಉಳಿದು ಕಾವ್ಯವು ನಷ್ಟವಾಯಿತು. ಇಬ್ಬರು ಕವಿಗಳ ಕಾವ್ಯಗಳಾಗಿದ್ದರೆ ಗುಣದ ತಾರತಮ್ಯವೆಂದು ಹೇಳಿಬಿಡಬಹುದಾಗಿದ್ದಿತು. ಒಬ್ಬನೇ ಕವಿಯ ಎರಡು ಕೃತಿಗಳ ಗತಿಯು ಹೀಗೆ ಬೇರೆಯಾದುದಕ್ಕೆ ಎರಡನೆಯ ಬಾರಿ ಹಣ ಕೊಟ್ಟವರು ಇದ್ದುದೂ ಇಲ್ಲದುದೂ ಒಂದು ಕಾರಣವೆನ್ನದೆ ವಿಧಿಯಿಲ್ಲ.

ಈ ದೃಷ್ಟಾಂತವನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡ ವಾಕ್ಚಿತ್ರದ ಆದಿಯನ್ನು ನೋಡಬೇಕು. 1934ನೆಯ ಇಸವಿ ಮಾರ್ಚಿ 3ನೆಯ ತಾರೀಖು ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನಾ’ ಪ್ರದರ್ಶಿತವಾಯಿತು. ನಿರ್ದೇಶಕರು ವೈ. ವಿ. ರಾವ್, ಮಾತು ಹಾಡುಗಳನ್ನು ರಚಿಸಿದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಆರ್. ನಾಗೇಂದ್ರರಾಯರು ರಾವಣನಾಗಿಯೂ, ಎಂ. ವಿ. ಸುಬ್ಬಯ್ಯನಾಯುಡು ಇಂದ್ರಜಿತುವಾಗಿಯೂ, ತ್ರಿಪುರಾಂಬ ಸುಲೋಚನೆಯಾಗಿಯೂ ನಟಿಸಿದರು. ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ. ಮಂಡ್ಯದ ವಾಚಕರಿಗೆ ಪ್ರಿಯವಾಗಬಹುದಾದ ಒಂದು ಮಾತನ್ನು ಇಲ್ಲಿ ಸೇರಿಸಬಹುದು: ಆ ಕಾಲದಲ್ಲಿ ಬೆಂಗಳೂರಿಗೆ ವಿದ್ಯುಚ್ಛಕ್ತಿಯು ಹೋಗುತ್ತಿದ್ದುದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ. ಮಂಡ್ಯ ಜಿಲ್ಲೆಯು ಇನ್ನೂ ಹುಟ್ಟಿರಲಿಲ್ಲ. ಅದು ಏರ್ಪಟ್ಟುದು 1939ರಲ್ಲಿ. ಕನ್ನಡದ ಮೊದಲ ಮಾತುಗಾರ ಚಿತ್ರವನ್ನು ಕಾವೇರಿಯ ನೀರೇ ಬೆಳಗಿತೆಂದರೆ ಅತಿಶಯೋಕ್ತಿಯಾಗಲಾರದು.

ಆ ಬೆಳಕು ಹಾಯ್ದ ಸುರುಳಿ ಇಂದು ಎಲ್ಲಿಯೂ ಇಲ್ಲ. ‘ಸತಿ ಸುಲೋಚನಾ’ದ ಒಂದು ಪ್ರತಿಯಾದರೂ ಉಳಿದಂತೆ ಕಂಡುಬಂದಿಲ್ಲ. ಅಂದಿನ ಸುರುಳಿಗಳು ನೈಟ್ರೇಟು ಬೆರೆತವು. ಬೇಗನೆ ಉರಿಯುವ, ಇಟ್ಟಲ್ಲಿಯೇ ಅಂಟಂಟಾಗಿ ಪುಡಿಯಾಗುವ ಸ್ವಭಾವದವು. ಪ್ರದರ್ಶನಗಳು ಮುಗಿದ ಮೇಲೆ ಹಳೆಯ ಸುರುಳಿಗಳಿಂದ ಬೆಳ್ಳಿಯನ್ನು ತೆಗೆದುಕೊಳ್ಳುವ ವ್ಯಾಪಾರವೂ ದೇಶದಲ್ಲಿ ನಡೆಯುತ್ತಿದ್ದಿತು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಭಂಡಾರ ಸ್ಥಾಪಿತವಾದುದು 1964ರಲ್ಲಿ, ಎಂದರೆ ಮೂವತ್ತು ವರ್ಷಗಳ ತರುವಾಯ. ಗೃಹಸ್ಥರು ಚಿತ್ರವನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವ ಉಪಾಯವೂ ಆಗ ಇರಲಿಲ್ಲ. ಟಿಕೇಟಿನ ಹಣಕ್ಕೆ ಅವರಿಗೆ ದೊರೆಯುತ್ತಿದ್ದುದು ದರ್ಶನ ಮಾತ್ರ.

ಉಪಾಯ ಬಂದುದು ಬಹಳ ತಡವಾಗಿ. ಮನೆಯ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಲೋಕವೆಲ್ಲ ಹಬ್ಬಿದ ವಿ.ಎಚ್.ಎಸ್. ಕ್ರಮವು ಜಪಾನಿನಲ್ಲಿ 1976ರಲ್ಲಿ ಹುಟ್ಟಿತು. ಭಾರತದಲ್ಲಿ ವರ್ಣ ದೂರದರ್ಶನ 1982ರಲ್ಲಿ ಆರಂಭವಾದ ಮೇಲೆ ಅದು ಸಣ್ಣ ಊರುಗಳನ್ನೂ ಮುಟ್ಟಿತು. ಪೆಟ್ಟಿಗೆಯನ್ನೂ ಕ್ಯಾಸೆಟ್ಟುಗಳನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದು, ಬೀದಿಯವರೆಲ್ಲ ಜಗಲಿಯಲ್ಲಿ ಸೇರಿ ಬೆಳಗಿನ ಜಾವದವರೆಗೆ ಮೂರು ಚಿತ್ರ ನೋಡುತ್ತಿದ್ದುದನ್ನು ನಡುವಯಸ್ಸಿನವರು ಮರೆತಿರಲಾರರು. ಕೊಂಡವರು ಕಡಮೆ, ಕೊಂಡವರ ಕ್ಯಾಸೆಟ್ಟುಗಳಿಗೂ ನಾಲೆಯ ಬಯಲಿನ ತೇವಕ್ಕೆ ಬೂಷ್ಟು ಹಿಡಿಯಿತು.

1993ರಲ್ಲಿ ಗೊತ್ತುಪಡಿಸಲ್ಪಟ್ಟ ವಿ.ಸಿ.ಡಿ.ಯು ಇದಕ್ಕೆ ಪರಿಹಾರವೆನಿಸಿತು. ಒಂದು ತಟ್ಟೆಗೆ 74 ನಿಮಿಷಗಳಷ್ಟೇ ಹಿಡಿಸುತ್ತಿದ್ದುದರಿಂದ ಎರಡೂವರೆ ಗಂಟೆಯ ಚಿತ್ರಕ್ಕೆ ಎರಡು ಮೂರು ತಟ್ಟೆಗಳು ಬೇಕಾದವು. ನಾಯಕನು ಗದೆಯೆತ್ತಿ ನಿಂತಾಗಲೇ ತಟ್ಟೆ ಮುಗಿದು, ಮನೆಯ ಯಜಮಾನನು ಎದ್ದು ಹೋಗಿ ಬದಲಾಯಿಸುವವರೆಗೆ ಶತ್ರುವಿಗೆ ಪ್ರಾಣದಾನವಾಗುತ್ತಿದ್ದಿತು! 1996ರಲ್ಲಿ ಡಿ.ವಿ.ಡಿ., 2006ರಲ್ಲಿ ಬ್ಲೂ-ರೇ ಬಂದವು. 2007ರ ಸುಮಾರಿಗೆ ಮೋಸರ್ ಬೇಯರ್ ಸಂಸ್ಥೆಯು ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರತೊಡಗಿದಾಗ ಚಿತ್ರವನ್ನು ಸ್ವಂತವಾಗಿ ಇಟ್ಟುಕೊಳ್ಳುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಹನ್ನೊಂದು ವರ್ಷಗಳಲ್ಲಿ, 2018ರಲ್ಲಿ, ಆ ಸಂಸ್ಥೆಯನ್ನು ಮುಚ್ಚಲು ನ್ಯಾಯಮಂಡಳಿಯ ಆಜ್ಞೆಯಾಯಿತು.

ಹೊಸ ದೇಹದಲ್ಲಿ ಹೆಚ್ಚೇನು ದೊರೆಯುತ್ತದೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ವಿ.ಸಿ.ಡಿ.ಯ ಒಂದು ಚಿತ್ರವು ಅಡ್ಡಕ್ಕೆ 352, ಉದ್ದಕ್ಕೆ 288 ಬಿಂದುಗಳಿಂದ ಆದುದು. ಒಟ್ಟು ಒಂದು ಲಕ್ಷಕ್ಕೆ ತುಸು ಹೆಚ್ಚು. ಡಿ.ವಿ.ಡಿ.ಯಲ್ಲಿ ಇದು ನಾಲ್ಕು ಲಕ್ಷವನ್ನು ಮೀರುತ್ತದೆ. ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷವನ್ನು ದಾಟುತ್ತದೆ. ಆದರೆ ಇದು ಪಾತ್ರೆಯ ಲೆಕ್ಕವೇ ಹೊರತು ಹಾಲಿನದಲ್ಲ. ಮೂಲ ಸುರುಳಿಯಿಂದ ಹೊಸದಾಗಿ ತೆಗೆಯದೆ, ಹಳೆಯ ಕ್ಯಾಸೆಟ್ಟಿನ ಪ್ರತಿಯನ್ನೇ ದೊಡ್ಡ ತಟ್ಟೆಗೆ ಇಳಿಸಿದಲ್ಲಿ ಬಿಂದುಗಳು ಹೆಚ್ಚುವುವು, ಕಾಣಿಸುವುದು ಹೆಚ್ಚದು. ಇಂಥದಕ್ಕೆ ಎರಡನೆಯ ಬಾರಿ ಹಣ ಕೊಡುವುದು ರಟ್ಟಿಗೆ ಕೊಟ್ಟಂತೆಯೇ ಸರಿ.

ಇನ್ನೊಂದು ಬಗೆಯ ದೇಹಾಂತರವುಂಟು. 1965ರ ‘ಸತ್ಯ ಹರಿಶ್ಚಂದ್ರ’ವು 2008ರಲ್ಲಿಯೂ, 1971ರ ‘ಕಸ್ತೂರಿ ನಿವಾಸ’ವು 2014ರಲ್ಲಿಯೂ ಬಣ್ಣ ಹಚ್ಚಿಸಿಕೊಂಡು ಚಿತ್ರಮಂದಿರಗಳಿಗೆ ಬಂದವು. ಕಿರಿಯರು ಅವನ್ನು ಹೊಸದಾಗಿ ಕಂಡರೆಂಬುದು ಸಂತೋಷದ ವಿಷಯವೇ. ಆದರೆ ಹರಿಶ್ಚಂದ್ರನು ಮಸಣವನ್ನು ಕಾಯುವಾಗ ಇದ್ದ ಆ ಕಪ್ಪು ಬಿಳುಪಿನ ಗಾಂಭೀರ್ಯವನ್ನು ಛಾಯಾಗ್ರಾಹಕನು ಬಣ್ಣಕ್ಕೆ ದಾರಿ ಕಾಣದೆ ಇಟ್ಟುದೆಂದು ತಿಳಿಯುವುದು ತಪ್ಪು. ನೆರಳು ಬೆಳಕುಗಳನ್ನು ಅವನು ಅದಕ್ಕೆಂದೇ ಹೊಂದಿಸಿದ್ದನು. ವ್ಯಾಖ್ಯಾನವು ಎಷ್ಟೇ ಸರಸವಾಗಿದ್ದರೂ ಮೂಲದ ಸ್ಥಾನದಲ್ಲಿ ಕೂರಲಾರದು. ಬಣ್ಣದ ಪ್ರತಿ ಬಂದಿತೆಂದು ಹಳೆಯ ತಟ್ಟೆಯನ್ನು ಗುಜರಿಗೆ ಹಾಕಿದ ಮನೆಯು ಟೀಕೆಯನ್ನು ಇಟ್ಟುಕೊಂಡು ಮೂಲವನ್ನು ಮಾರಿದಂತಾಯಿತು.

ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಶರ ಮೊದಲ ಚಿತ್ರ ‘ನಾಗರಹಾವು’. ಪುಟ್ಟಣ್ಣ ಕಣಗಾಲರ ಈ ಚಿತ್ರ ತೆರೆ ಕಂಡುದು 1972ರ ಕೊನೆಯಲ್ಲಿ. 2018ರ ಜುಲೈ ತಿಂಗಳಲ್ಲಿ ಅದನ್ನು ಡಿಜಿಟಲ್ ಕ್ರಮದಲ್ಲಿ, ಹೊಸ ಧ್ವನಿಸಂಸ್ಕಾರದೊಡನೆ ಮರಳಿ ಬಿಡುಗಡೆ ಮಾಡಲಾಯಿತು. ಅದೇ ನವೆಂಬರಿನಲ್ಲಿ ಅಂಬರೀಶರು ತೀರಿಕೊಂಡರು. ಜಿಲ್ಲೆಯ ಜನ ಜಲೀಲನ ಪಾತ್ರದ ಆ ತರುಣನನ್ನು ಮತ್ತೆ ದೊಡ್ಡ ತೆರೆಯ ಮೇಲೆ ನೋಡಿ ನಾಲ್ಕು ತಿಂಗಳಾಗಿದ್ದಿತಷ್ಟೆ. ಹೊಸ ಪ್ರತಿಯ ಬೆಲೆಯನ್ನು ಬಿಂದುಗಳಲ್ಲಿ ಎಣಿಸುವವರು ಇದನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು.

ಪೂರ್ವದ ಲಿಪಿಕಾರರ ನಿಷ್ಠೆಗೆ ಸಮನಾದ ಕೆಲಸವನ್ನು ನೋಡಬೇಕೆಂದರೆ ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಕಡೆಗೆ ತಿರುಗಬೇಕು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸಂಸ್ಥೆಯು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನೊಡನೆ ಸೇರಿ ಅದನ್ನು ಜೀರ್ಣೋದ್ಧಾರ ಮಾಡಿತು. 2024ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು. ಹೀಗೆ ಗೀರು ಕಲೆಗಳನ್ನು ನೀಗಿಸಿ, ನಿರ್ದೇಶಕನ ಉದ್ದೇಶವನ್ನು ಮೀರದೆ ತೆಗೆದ ಪ್ರತಿಯು ಮಾರಾಟಕ್ಕೆ ಬಂದಲ್ಲಿ, ಹಿಂದಿನದು ಮನೆಯಲ್ಲಿದ್ದರೂ ಕೊಳ್ಳತಕ್ಕದ್ದೇ. ಆ ಹಣವು ಮುಂದಿನ ಜೀರ್ಣೋದ್ಧಾರಕ್ಕೆ ಧೈರ್ಯವನ್ನು ಕೊಡುತ್ತದೆ. ಕೊಂಡ ಮೇಲೆ ಹಳೆಯದರ ಅವಧಿಯನ್ನೂ ಹೊಸದರ ಅವಧಿಯನ್ನೂ ಹೋಲಿಸಿ ನೋಡುವುದು ಲೇಸು; ಒಂದು ಹಾಡೋ ದೃಶ್ಯವೋ ಹೊಸದರಲ್ಲಿ ಬಿಟ್ಟುಹೋಗಿದ್ದರೆ ಹಳೆಯ ತಟ್ಟೆಯೇ ಆ ಭಾಗಕ್ಕೆ ಆಕರವಾಗುತ್ತದೆ. ಪಾಠಾಂತರವನ್ನು ಬಲ್ಲವರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ.

ಚಂದಾ ಕೊಟ್ಟು ನೋಡುವ ಪದ್ಧತಿಯಲ್ಲಿ ಈ ಹೋಲಿಕೆಗೂ ಅವಕಾಶವಿಲ್ಲ. ಅಲ್ಲಿ ಮನೆಯಲ್ಲಿ ಉಳಿಯುವ ಗರಿಯೇ ಇಲ್ಲ. ಒಪ್ಪಂದದ ಅವಧಿ ತೀರಿದೊಡನೆ ಚಿತ್ರವು ಹೇಳದೆ ಹೋಗುತ್ತದೆ. ಸೌಕರ್ಯದಲ್ಲಿ ಅದನ್ನು ಮೀರಿಸುವುದಿಲ್ಲ, ನಿಜ. ಆದರೆ 1934ರ ಟಿಕೇಟಿಗೂ ಅದಕ್ಕೂ ಇರುವ ಭೇದ ಸ್ವಲ್ಪವೇ.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಆ ಊರಿನವರೇ ನಟಿಸಿದ, ಅವರ ಮಾತನ್ನು ಅವರಾಡುವ ಹಾಗೆಯೇ ಹಿಡಿದಿಟ್ಟ ‘ತಿಥಿ’ ಎಂಬ ಚಿತ್ರವು ರಾಮ್ ರೆಡ್ಡಿಯವರ ನಿರ್ದೇಶನದಲ್ಲಿ ತಯಾರಾಗಿ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿಯನ್ನು ಪಡೆಯಿತು. ಅದು ಕರ್ನಾಟಕದ ಚಿತ್ರಮಂದಿರಗಳಿಗೆ ಬಂದುದು 2016ರ ಮೇ ತಿಂಗಳಲ್ಲಿ. ಎರಡು ತಿಂಗಳ ತರುವಾಯ, ಜುಲೈಯಲ್ಲಿ, ಲೋಕದಲ್ಲಿ ವಿ.ಎಚ್.ಎಸ್. ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದ ಕೊನೆಯ ಕಾರ್ಖಾನೆಯಾದ ಜಪಾನಿನ ಫುನಾಯ್ ಆ ಕೆಲಸವನ್ನು ನಿಲ್ಲಿಸಿತು.